ಬರೀ ನೀರು

ಅವತ್ತು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಮಗಳ ತಲೆ ಬಾಚುತ್ತಿದ್ದೆ. ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆ ಕೂದಲನ್ನು ಮೂರು ಪಾಲು ಮಾಡಿದ್ದೆನಷ್ಟೆ, ಹೊರಗೆ ಲಾರಿಯ ಹಾರ್ನು ಬಿಡದೆ ಕೂಗತೊಡಗಿತು. ಕೈ ಬಿಡುವಿಲ್ಲದಾಗ ಇವರು ನನ್ನನ್ನು ಕರೆಯುವುದು ಹಾಗೆಯೇ. ಜಡೆಯನ್ನು ಮಗಳ ಕೈಗೇ ಕೊಟ್ಟು, ಅಡುಗೆಮನೆಯ ಸ್ಟೂಲಿನ ಮೇಲೆ ಒಲೆಗೆ ಬೆನ್ನು ಹಾಕಿ ಪೇಪರ್ ಓದುತ್ತಿದ್ದ ಮಾವನವರಿಗೆ ಹಾಲು ನೋಡಿಕೊಳ್ಳಿ ಎಂದು ಹೇಳಿ ಓಡಿದೆ.

ಲಾರಿಯ ಮುಂದಿನ ಗಾಜು ಒಳಗಿನಿಂದ ಮಬ್ಬಾಗಿತ್ತು. ಚಳಿಗಾಲದ ಬೆಳಗಿನಲ್ಲಿ ಎಲ್ಲರ ಗಾಡಿಯ ಗಾಜೂ ಮಬ್ಬಾಗುತ್ತದೆ, ಹೀಟರ್ ಹಾಕಿದರೆ ಎರಡು ನಿಮಿಷಕ್ಕೆ ಮಬ್ಬು ಬಿಡುತ್ತದೆ. ನಮ್ಮದು ಹೀಟರ್ ಹಾಕಿದಷ್ಟೂ ಹೆಚ್ಚು ಮಬ್ಬಾಗುತ್ತಿತ್ತು. ಇವರು ಪೇಪರಿನಿಂದ ಒರೆಸಿದ್ದರು, ತೋಳಿನಿಂದ ಒರೆಸಿದ್ದರು, ಗಾಜಿಗೆ ಎಣ್ಣೆ ಸವರಿದ ಹಾಗಾಗಿತ್ತು. ಹಳೇ ಬಟ್ಟೆ, ಸೋಪಿನ ನೀರು ಬೇಕಿತ್ತು. ತಂದುಕೊಟ್ಟು ನಾನೂ ಹತ್ತಿ ಒಂದು ಮೂಲೆ ಉಜ್ಜಿದೆ. ಕ್ಯಾಬಿನ್ನಿನೊಳಗೆ ಒಂದು ಥರದ ಸಿಹಿ ವಾಸನೆ. ಜ್ವರಕ್ಕೆ ಮಕ್ಕಳಿಗೆ ಕೊಡುವ ಔಷಧಿಯ ಬಾಟಲಿ ಒಡೆದು, ಒರೆಸದೆ ಬಿಟ್ಟ ಹಾಗೆ.

ಒಳಗೆ ಬಂದರೆ ಸೀದ ವಾಸನೆ ನಡುಮನೆಯವರೆಗೂ ಬಂದಿತ್ತು. ಹಾಲು ಉಕ್ಕಿ, ಒಲೆಯ ಮೇಲೆಲ್ಲ ಹರಿದು, ಕರಿಹಿಡಿದಿತ್ತು. ಅದಕ್ಕೆ ಒಂದು ಮೊಳ ದೂರದಲ್ಲಿ ಕುಳಿತ ಮಾವ ಪುಟ ತಿರುವಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಗಾಜು ಬಿಡ್ತೇನಮ್ಮ?" ಅಂದರು.

ನಾನು ಒಲೆ ಆರಿಸಿದೆ. ಪೇಪರಿನಲ್ಲಿ ಮುಳುಗಿದ್ದರು ಅಂದುಕೊಂಡೆ. ಆದರೆ ಜಡೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ ಮಗಳು ಹಾಲಿನ ಪಾತ್ರೆಯನ್ನು ನೋಡುತ್ತಿರಲಿಲ್ಲ, ತಾತನನ್ನು ನೋಡುತ್ತಿದ್ದಳು.

ನಮ್ಮ ಮನೆಯಲ್ಲಿ ಹಾಲು ಉಕ್ಕುವುದೆಂದರೆ ಸಣ್ಣ ಮಾತಲ್ಲ. ಮಾವ ಒಲೆಗೆ ಬೆನ್ನು ಹಾಕಿ ಕೂರುವುದು ಹಳೆಯ ರೂಢಿ. ಹಾಲು ಮೇಲೇಳುವ ಮೊದಲೇ ಅವರ ಮೂಗಿಗೆ ಗೊತ್ತಾಗುತ್ತಿತ್ತು. ತಿರುಗಿ ನೋಡದೆ, "ಅಮ್ಮಾ, ಉರಿ ತಗ್ಗಿಸು" ಅನ್ನುತ್ತಿದ್ದರು. ಮೂವತ್ತು ವರ್ಷ ಅವರದೇ ಗ್ಯಾರೇಜು ನಡೆಸಿದವರು. ಜನ ಗಾಡಿ ತಂದು ನಿಲ್ಲಿಸಿದರೆ ಮೊದಲು ಸ್ಪ್ಯಾನರ್ ಹಿಡಿಯುತ್ತಿರಲಿಲ್ಲ, ಬಾನೆಟ್ ಎತ್ತಿ ಮೂಗು ಒಡ್ಡುತ್ತಿದ್ದರು. ಬೆಲ್ಟು ಉಜ್ಜುತ್ತಿದೆ, ವೈರು ಕಾಯುತ್ತಿದೆ, ಬ್ರೇಕು ಸುಡುತ್ತಿದೆ ಎಂದು ಹೇಳಿ, ಆಮೇಲೆ ಬಿಚ್ಚಿದರೆ ಅದೇ ಇರುತ್ತಿತ್ತು. ನಮ್ಮತ್ತೆ ಬದುಕಿದ್ದಾಗ ಹೇಳಿ ನಗುತ್ತಿದ್ದರು: "ಇವರ ಹತ್ರ ಏನೂ ಮುಚ್ಚಿಡೋ ಹಾಗಿಲ್ಲ ಕಣೇ. ಪಕ್ಕದ ಮನೇಲಿ ಏನು ತಿಂದು ಬಂದೆ ಅಂತ ಬಾಗಿಲಲ್ಲೇ ಹೇಳ್ತಾರೆ."

ಈ ಲಾರಿಯೂ ಮಾವ ಕೊಂಡದ್ದೇ. ಮಗಳಿಗಿಂತ ಹತ್ತು ವರ್ಷ ದೊಡ್ಡದು. ಮಂಡಿ ಸೋತು ಗ್ಯಾರೇಜು ಮುಚ್ಚಿದಾಗ ಅದನ್ನು ಇವರಿಗೆ ಕೊಟ್ಟರು. ಇವರು ಅದರಲ್ಲಿ ಕಾರ್ಖಾನೆಯಿಂದ ಅಂಗಡಿಗಳಿಗೆ ಮೇಜು ಕುರ್ಚಿ ಸಾಗಿಸುತ್ತಾರೆ, ಹೋಗುವ ದಾರಿಯಲ್ಲಿ ಮಗಳನ್ನು ಶಾಲೆಗೆ ಬಿಡುತ್ತಾರೆ. ಕೊಡುವಾಗ ಮಾವ ಇಟ್ಟ ಷರತ್ತು ಒಂದೇ. ತಾವು ಇರುವವರೆಗೆ ಅದರ ಮೇಲೆ ಬೇರೆಯವರ ಸ್ಪ್ಯಾನರ್ ಬೀಳಬಾರದು.

ಆ ಭಾನುವಾರ ಅಂಗಳದಲ್ಲಿ ಲಾರಿ ನಿಲ್ಲಿಸಿ ಅಪ್ಪ ಮಗ ಕುಳಿತರು. ಇವರು ಕಷ್ಟವನ್ನೆಲ್ಲ ಒಂದೊಂದಾಗಿ ಹೇಳಿದರು. ಬೆಳಿಗ್ಗೆ ಗಾಜು ಮಬ್ಬು. ಮಧ್ಯಾಹ್ನ ಬಿಸಿಲೇರಿದ ಮೇಲೆ ಎಸಿ ಹಾಕಿದರೆ ಬರುವುದು ಬಿಸಿ ಗಾಳಿ, ಅದರ ಹಿಡಿಯನ್ನು ಪೂರ್ತಿ ತಂಪಿನ ಕಡೆಗೆ ಎಳೆದರೂ ಅಷ್ಟೆ. ರೇಡಿಯೇಟರಿಗೆ ದಿನಾ ನೀರು ಹಾಕಬೇಕು. ಮಗಳು ಕಾಲಿಡುವ ಕಡೆ ಚಾಪೆ ಒದ್ದೆ, ಶಾಲೆಗೆ ಹೋಗುವಷ್ಟರಲ್ಲಿ ಅವಳ ಕಾಲುಚೀಲ ಹಿಂಡುವ ಹಾಗಾಗುತ್ತದೆ. ಮೇಲೆ ಒಂದು ಸಿಹಿ ವಾಸನೆ.

ಮಾವ ಪ್ರಯಾಸದಿಂದ ಮಂಡಿಯೂರಿ, ಚಾಪೆ ಎತ್ತಿ, ಕೆಳಗಿನ ನೀರಿಗೆ ಬೆರಳದ್ದಿದರು. ಬೆರಳನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಎಂಜಿನ್ನಿನ ನೀರಾದರೆ ಅದರಲ್ಲಿ ಎಂಜಿನ್ ತಣಿಸುವ ಕೂಲೆಂಟ್ ಇರುತ್ತದೆ, ಸಿಹಿ ನಾತ. ಎಸಿಯಿಂದ ಇಳಿದ ನೀರಾದರೆ ನಾತವೇ ಇರುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವರೂ ಅವರೇ.

"ಬರೀ ನೀರು," ಅಂದರು. "ಎಸಿ ನೀರು ಹೊರಗೆ ಹೋಗೋ ಪೈಪು ಕಟ್ಟಿದೆ. ಗ್ಯಾಸೂ ಕಮ್ಮಿಯಾಗಿರುತ್ತೆ, ಅದಕ್ಕೇ ತಂಪಿಲ್ಲ."

ರೇಡಿಯೇಟರಿನ ನೀರು ಎಲ್ಲಿ ಹೋಗುತ್ತದೆ ಅಂತ ಇವರು ಕೇಳಿದರು. ಹಳೇ ಗಾಡಿ, ನನ್ನ ಹಾಗೆ ಅದಕ್ಕೂ ಬಾಯಾರಿಕೆ ಜಾಸ್ತಿ ಅಂದು ಮಾವ ನಕ್ಕರು. ಇವರೂ ನಕ್ಕರು. ಸಂಜೆಯವರೆಗೆ ಪೈಪು ಬಿಚ್ಚಿ ಊದಿ, ಫ್ಯಾನು ತೊಳೆದು, ಧೂಳು ಕೆರೆದು ಕೂರಿಸಿದರು. ನಾನು ಇಬ್ಬರಿಗೂ ಅಂಗಳಕ್ಕೇ ತಟ್ಟೆ ತೆಗೆದುಕೊಂಡು ಹೋದೆ. ಮಾವ ಅನ್ನಕ್ಕೆ ಮೇಲಿಂದ ಎರಡು ಸಲ ಉಪ್ಪು ಕೇಳಿದರು. ಮರುದಿನ ಗ್ಯಾಸು ತುಂಬಿಸಿದ್ದಾಯಿತು.

ಬುಧವಾರಕ್ಕೆ ಗಾಜು ಮತ್ತೆ ಮಬ್ಬು, ಚಾಪೆ ಮತ್ತೆ ಒದ್ದೆ. ಮಗಳು ಆ ಚಳಿಯಲ್ಲೂ ಕಿಟಕಿಯಿಂದ ತಲೆ ಹೊರಗೆ ಹಾಕಿ ಶಾಲೆಗೆ ಹೋಗುತ್ತಿದ್ದಳು, ಸಂಜೆ ತಲೆನೋವು ಅನ್ನುತ್ತಿದ್ದಳು. ಅವಳು ಮೊದಲೇ ಬಡಕಲು. ತಾತ ಅವಳಿಗೆ ಕಡ್ಡಿ ಅಂತಲೇ ಹೆಸರಿಟ್ಟಿದ್ದಾರೆ.

ಮುಂದಿನ ಭಾನುವಾರ ಮಾವ ಬೆಲ್ಟು ಬದಲಾಯಿಸಿದರು. ಅದರ ಮುಂದಿನ ಭಾನುವಾರ ಪೈಪನ್ನು ಮತ್ತೆ ಬಿಚ್ಚಿದರು. ಪ್ರತಿಸಲವೂ ಬೆರಳದ್ದಿದರು, ಮೂಸಿದರು, ಬರೀ ನೀರು ಅಂದರು. ಇವರು ಒಮ್ಮೆ, ಅಪ್ಪ, ವಾಸನೆ ಇದೆಯಲ್ಲ ಅಂದದ್ದಕ್ಕೆ, ಅದು ನಿನ್ನ ಕುರ್ಚಿಗಳ ಪಾಲಿಶ್ಶಿನದು ಅಂದರು. ಇವರು ತಲೆಯಾಡಿಸಿದರು. ಆ ಮೂಗು ಸುಳ್ಳು ಹೇಳಿದ್ದನ್ನು ಇವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ, ತಮ್ಮ ಮೂಗನ್ನೇ ಅನುಮಾನಿಸಿದರು.

ನನಗೆ ಗೊತ್ತಾದದ್ದು ಆಲೂಗಡ್ಡೆಯಿಂದ.

ಮಾವ ಸಂಜೆ ಒಂದು ಸುತ್ತು ಅಡ್ಡಾಡಿ ಬರುತ್ತಾರೆ. ಬರುವಾಗ ಗೇಟಿನಲ್ಲೇ ನಿಂತು ಒಳಗೆ ಬೇಯುತ್ತಿರುವುದು ಏನೆಂದು ಹೇಳುವುದು ಅವರ ಆಟ. ಈಚೆಗೂ ತಪ್ಪದೆ ಹೇಳುತ್ತಿದ್ದರು. ಆದರೆ ಗೇಟಿನ ಹೊರಗೆ ಮಗಳು ಆಡುತ್ತಿರುತ್ತಾಳೆ, ಮೊದಲು ಅವಳ ಕೈಗೆ ಒಂದು ಪೆಪ್ಪರಮಿಂಟು ಬೀಳುತ್ತದೆ, ಕಿವಿಯಲ್ಲಿ ಏನೋ ಮಾತು ನಡೆಯುತ್ತದೆ. ತಾತ ಮೊಮ್ಮಗಳ ಗುಟ್ಟು ಅಂತ ನಾನು ಗಮನಿಸಿರಲಿಲ್ಲ. ಆ ದಿನ ಮಗಳು ಹೊರಗೆ ಹೋಗುವಾಗ ನಾನು ಆಲೂಗಡ್ಡೆ ಹೆಚ್ಚಲು ಕೂತಿದ್ದೆ. ನೋಡಿದರೆ ಅರ್ಧಕ್ಕರ್ಧ ಕೊಳೆತಿತ್ತು. ಎಸೆದು, ಮೊಟ್ಟೆ ಈರುಳ್ಳಿ ಹುರಿದೆ. ಇವರು ಬೇಗ ಬಂದು ತಟ್ಟೆ ಹಿಡಿದು ಕೂತಿದ್ದರು. ಮಾವ ಗೇಟಿನಿಂದಲೇ ಉದ್ದ ಉಸಿರೆಳೆದುಕೊಂಡು ಬಂದರು.

"ಆಲೂಗಡ್ಡೆ ಹುರಿದಿದೀಯಾ ಅಮ್ಮಾ. ಘಮ್ ಅಂತಿದೆ, ರಸ್ತೆವರೆಗೂ."

ಇವರ ಕೈಯಲ್ಲಿ ತುತ್ತು ಹಾಗೇ ನಿಂತಿತು. ತಟ್ಟೆಯಲ್ಲಿ ಮೊಟ್ಟೆ ಇತ್ತು. ಮಾವ ನನ್ನ ಮುಖ ನೋಡಿದರು, ತಟ್ಟೆ ನೋಡಿದರು. ಮತ್ತೆ, ಅಡ್ಡಾಡಿ ಹಸಿವಾಗಿದೆ, ಬಡಿಸು ಅಂದು ಕೈ ತೊಳೆಯಲು ಹೋದರು. ನಲ್ಲಿಯ ನೀರು ಬಹಳ ಹೊತ್ತು ಬೀಳುತ್ತಿತ್ತು.

ಊಟಕ್ಕೆ ಕೂತಾಗ ಮಗಳು ಬಾಯಿ ತೆಗೆದಳು. "ಅಮ್ಮಾ, ತಾತಂಗೆ..." ನಾನು ಮೇಜಿನ ಕೆಳಗೆ ಅವಳ ಕಾಲು ಒತ್ತಿದೆ. ಪಾತ್ರೆ ತೊಳೆಯುವಾಗ ಅವಳು ಹಿಂದೆ ಬಂದು ನಿಂತಳು. ದೊಡ್ಡವರನ್ನು ಹಾಗೆಲ್ಲ ಕೇಳಬಾರದು, ತಾತನಿಗೆ ಬೇಜಾರಾಗುತ್ತೆ, ಕೇಳಲ್ಲ ಅಂತ ಮಾತು ಕೊಡು ಅಂದೆ. ಸೋಪು ಮೆತ್ತಿದ ನನ್ನ ಕೈಯ ಮೇಲೆ ಕೈಯಿಟ್ಟು ಮಾತು ಕೊಟ್ಟಳು.

ಆಮೇಲೆ ಎಲ್ಲವೂ ನೆನಪಿಗೆ ಬಂತು. ಹೋದ ವರ್ಷ ಮಾವನಿಗೆ ಬಂದ ಕೆಟ್ಟ ಜ್ವರ, ಹದಿನೈದು ದಿನ ಮಲಗಿದ್ದು. ಎದ್ದ ಮೇಲೆ ಊಟ ಅರ್ಧವಾಗಿದ್ದು. ಎಲ್ಲದಕ್ಕೂ ಉಪ್ಪು ಕೇಳುವುದು. ಹುಳಿಯಾದ ಹಾಲನ್ನು ಒಂದು ದಿನ ಚಹಾಕ್ಕೆ ಹಾಕಿಕೊಂಡು ಕುಡಿದದ್ದು. ಇದು ಗೊತ್ತಾದ ಮೇಲೆ ಹೊರಗೆ ಹೋಗುವಾಗ ಗ್ಯಾಸ್ ಸಿಲಿಂಡರಿನ ಬಾಯಿಯನ್ನು ನಾನೇ ಮುಚ್ಚಿ, ಎರಡು ಸಲ ತಿರುವಿ ನೋಡಿ ಹೋಗತೊಡಗಿದೆ.

ಇವರಿಗೆ ಹೇಳಿದೆ. ಗೊತ್ತಾಯ್ತು ಅಂದರು.

"ಗೊತ್ತಾದ್ರೆ ಅವರಿಗೆ ಹೇಳಿ."

"ಏನಂತ ಹೇಳ್ಲಿ? ಅಪ್ಪ, ನಿನ್ನ ಮೂಗು ಸತ್ತೋಗಿದೆ ಅಂತಲಾ? ನೀನೇ ಹೇಳು, ನಿನ್ನ ಮಾತು ಕೇಳ್ತಾರೆ."

"ನಿಮ್ಮ ಅಪ್ಪ ಅವರು."

"ನಿನ್ನನ್ನ ಅಮ್ಮಾ ಅಂತ ಕರೀತಾರೆ. ನನ್ನನ್ನ ಇವತ್ತಿಗೂ ಲೋ ಅಂತಾರೆ."

ಜಗಳ ಅಲ್ಲ, ಆದರೆ ಆ ವಾರವೆಲ್ಲ ನಾವಿಬ್ಬರೂ ಒಬ್ಬರ ಮೇಲೊಬ್ಬರು ಅದೇ ಮಾತನ್ನು ಹೊರಿಸುತ್ತ ಓಡಾಡಿದೆವು. ನಾನು ಎರಡು ಸಲ ಪ್ರಯತ್ನಪಟ್ಟೆ. ಒಮ್ಮೆ ಮಾವ ಸೊಪ್ಪು ಬಿಡಿಸಿಕೊಡುತ್ತ ಕೂತಿದ್ದಾಗ, ಡಾಕ್ಟರ ಹತ್ತಿರ ಒಮ್ಮೆ ತೋರಿಸಿಕೊಂಡು ಬರೋಣವಾ ಅಂದೆ. ಏನಕ್ಕೆ ಅಂದರು. ಊಟ ಸೇರುತ್ತಿಲ್ಲವಲ್ಲ ಅಂದೆ. ತೋರಿಸಿದ್ದೆ ಕಣಮ್ಮ, ಅಂದರು. ನಮ್ಮಲ್ಲಿ ಯಾರಿಗೂ ಹೇಳದೆ ಯಾವಾಗಲೋ ಹೋಗಿ ಬಂದಿದ್ದರು. ಡಾಕ್ಟರು ಏನಂದರು ಎಂದು ಕೇಳಿದೆ. ವಯಸ್ಸಾಯಿತು ಅಂದರು, ಇನ್ನೇನನ್ನುತ್ತಾರೆ ಅಂತ ಸೊಪ್ಪಿನ ಕಡ್ಡಿಗಳನ್ನು ಒಂದೇ ಅಳತೆಗೆ ಜೋಡಿಸಿಟ್ಟು ಎದ್ದರು. ಎರಡನೆಯ ಸಲ ಬಾಯಿ ತೆರೆದವಳು, ಚಹಾ ಬೇಕಾ ಅಂತ ಕೇಳಿ ಬಂದೆ.

ಕೊನೆಗೆ ಇವರು ಕದ್ದು ಒಂದು ಕೆಲಸ ಮಾಡಿದರು. ಊರಾಚೆ ದೊಡ್ಡ ಗ್ಯಾರೇಜು ಇಟ್ಟುಕೊಂಡವನು ಮಾವನ ಕೈಕೆಳಗೆ ಕಲಿತವನೇ. ಕಲಿಯುವಾಗ ದಿನಕ್ಕೊಂದು ನಟ್ಟು ಕಳೆಯುತ್ತಿದ್ದನೆಂದು ಮಾವ ಅವನನ್ನು ನಟ್ಟು ಅಂತಲೇ ಕರೆಯುವುದು. ಈಗ ಅವನ ಕೈಕೆಳಗೆ ಎಂಟು ಜನ. ಒಂದು ಮಧ್ಯಾಹ್ನ ಮಗಳನ್ನು ಶಾಲೆಯಿಂದ ಕರೆತರುವ ನೆಪದಲ್ಲಿ ನಾನೂ ಹೋದೆ. ಬಿಸಿಲಿಗೆ ಕ್ಯಾಬಿನ್ನು ಕುದಿಯುತ್ತಿತ್ತು, ಎಸಿಯಿಂದ ಬರುತ್ತಿದ್ದದ್ದು ಒಲೆಯ ಮುಂದೆ ಕೂತಾಗ ಮುಖಕ್ಕೆ ಹೊಡೆಯುವಂಥ ಗಾಳಿ.

ನಟ್ಟು ಬಾಗಿಲು ತೆರೆದವನೇ ಮುಖ ಹಿಂದಕ್ಕೆ ತೆಗೆದುಕೊಂಡ. ಚಾಪೆಯ ಕೆಳಗೆ ಕೈ ಹಾಕಿ ಬೆರಳು ಉಜ್ಜಿಕೊಂಡ. ಮೂಸುವ ಅಗತ್ಯವೂ ಬೀಳಲಿಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಹೀಟರಿನ ಪೆಟ್ಟಿಗೆ ತೂತಾಗಿದೆ, ಅದಕ್ಕೇ ಗಾಜಿಗೆ ಎಣ್ಣೆಯಂಥ ಆವಿ ಹಿಡಿಯುತ್ತಿದೆ. ಅದಕ್ಕೆ ಬಿಸಿ ನೀರು ಬಿಡುವ ನಲ್ಲಿಯೂ ತೆರೆದ ಹಾಗೇ ಕಚ್ಚಿಕೊಂಡಿದೆ, ಎಷ್ಟು ಗ್ಯಾಸು ತುಂಬಿಸಿದರೂ ತಂಪು ಬರುವುದಿಲ್ಲ. ಎರಡೂ ಒಂದೇ ಜಾಗದ ರೋಗ. ಎರಡು ದಿನದ ಕೆಲಸ ಅಂದ. ಇಷ್ಟೆಲ್ಲ ಹೇಳಿ ಕೈ ಒರೆಸಿಕೊಂಡು ನಿಂತ.

"ಗುರುಗಳು ನೋಡಿದಾರಾ?"

ನೋಡಿದ್ದಾರೆ ಅಂದರು ಇವರು.

"ನೋಡಿ ಏನಂದ್ರು?"

ಇವರು ನನ್ನ ಕಡೆ ನೋಡಿದರು. ನಾನು, ಬರೀ ನೀರು ಅಂದರು ಅಂತ ಹೇಳಿದೆ.

ನಟ್ಟು ಎತ್ತಿದ ಚಾಪೆಯನ್ನು ಮತ್ತೆ ಹಾಸಿದ. ಆಮೇಲೆ, "ಅಕ್ಕಾ, ಅವರು ನೀರು ಅಂದ ಮೇಲೆ ನಾನು ಹೇಗೆ ಬಿಚ್ಚಲಿ?" ಅಂದ. ಈ ಗಾಡಿಯ ಒಂದೊಂದು ಸ್ಕ್ರೂ ಅವರಿಗೆ ಗೊತ್ತು. ನಾನು ಮುಟ್ಟಿದ್ದು ನಾಳೆಯೇ ಗೊತ್ತಾಗುತ್ತದೆ. ಅವರು ಒಂದು ಮಾತು ಹೇಳಲಿ, ಕಾಸು ತೆಗೆದುಕೊಳ್ಳದೆ ಮಾಡಿಕೊಡುತ್ತೇನೆ. ಅವರ ಮಾತಿಲ್ಲದೆ ಮಾತ್ರ ಕೈ ಹಾಕಲಾರೆ ಅಂದ. ಇಷ್ಟು ದಿನ ಮಗುವನ್ನು ಇದರಲ್ಲಿ ಕೂರಿಸಿಕೊಂಡು ಓಡಾಡುತ್ತಿದ್ದೀರಾ ಅಂತಲೂ ಕೇಳಿದ. ಅವನು ರೇಡಿಯೇಟರಿಗೆ ನೀರು ತುಂಬಿಸಿ ಕಳಿಸಿದ.

ಆ ವಾರದ ಕೊನೆಯಲ್ಲಿ ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಅತ್ತೆಯ ಶಾಲು ಸಿಕ್ಕಿತು. ಬೂದು ಬಣ್ಣದ ಉಣ್ಣೆಯ ಶಾಲು. ಅತ್ತೆ ಹೋಗಿ ಐದು ವರ್ಷವಾಯಿತು, ಅದಕ್ಕೆ ನೀರು ಸೋಕಿಸಲು ಮಾವ ಬಿಟ್ಟಿರಲಿಲ್ಲ. ತಲೆದಿಂಬಿನ ಪಕ್ಕದಲ್ಲಿ ಮಡಿಸಿ ಇಟ್ಟುಕೊಳ್ಳುತ್ತಿದ್ದರು. ಮೊದಮೊದಲು ನಾನು ಒಗೆಯುತ್ತೇನೆಂದು ಕೈ ಹಾಕಿದಾಗ, ಅವಳು ಅದರಲ್ಲಿದ್ದಾಳೆ, ಬಿಡು ಅಂದಿದ್ದರು. ಈಗ ಅದು ಮಗಳ ಕಾಲುಚೀಲಗಳ ಜೊತೆ ಬುಟ್ಟಿಯಲ್ಲಿ ಬಿದ್ದಿತ್ತು.

ಶಾಲು ಹಿಡಿದುಕೊಂಡು ಅವರ ಕೋಣೆಯ ಬಾಗಿಲಿಗೆ ಹೋದೆ. ಇದನ್ನೂ ಒಗೆಯಬೇಕಾ ಮಾವ ಅಂದೆ.

"ಒಗೆದುಬಿಡಮ್ಮ," ಅಂದರು, ತಲೆ ಎತ್ತದೆ. "ಸುಮ್ಮನೆ ಬಿದ್ದಿರೋದು ಯಾಕೆ."

ನಾನು ಮೂಸಿ ನೋಡಿದೆ. ಅತ್ತೆ ಇನ್ನೂ ಅದರಲ್ಲಿದ್ದರು. ತಲೆಗೆ ಹಚ್ಚುತ್ತಿದ್ದ ಎಣ್ಣೆ, ಹಳೆಯ ಪೆಟ್ಟಿಗೆಯ ಮರ, ಸ್ವಲ್ಪ ಹೊಗೆ. ಇದೆ ಮಾವ, ಇನ್ನೂ ಇದೆ ಅಂತ ಹೇಳಬೇಕೆಂದು ಬಾಯಿಗೆ ಬಂತು. ಹೇಳಿ ಏನು ಮಾಡಲಿ, ಅವರ ಪಾಲಿನದನ್ನು ನಾನು ಮೂಸಿ ಕೊಡಲಿಕ್ಕಾಗುತ್ತದೆಯೇ? ಶಾಲನ್ನು ಒಗೆಯದೆ ನನ್ನ ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟೆ. ಎರಡು ದಿನ ಬಿಟ್ಟು, ಶಾಲು ಒಣಗಿತಾ ಅಂತ ಮಾವ ಕೇಳಿದರು. ಒಣಗಿತು ಅಂದೆ. ಈ ಮನೆಯಲ್ಲಿ ನಾನೂ ಒಂದು ಸುಳ್ಳು ಹೇಳಿದ್ದಾಯಿತು.

ಸೋಮವಾರ ಇವರು ಹೊತ್ತಿಗೆ ಮುಂಚೆ ಮನೆಗೆ ಬಂದರು. ಲೋಡು ಇಳಿಸಿರಲಿಲ್ಲ. ಬೆಳಿಗ್ಗೆ ಶಾಲೆಯ ತಿರುವಿನಲ್ಲಿ ಗಾಜು ಒಮ್ಮೆಲೇ ಬೆಳ್ಳಗಾಗಿ ಏನೂ ಕಾಣದಾಯಿತಂತೆ. ಒಂದು ಕೈಯಲ್ಲಿ ಒರೆಸುತ್ತ ಬ್ರೇಕು ಒತ್ತಿದರಂತೆ. ಗಾಜು ಬಿಟ್ಟಾಗ ಬಂಪರಿಗೆ ಒಂದು ಗೇಣು ದೂರದಲ್ಲಿ ಸೈಕಲ್ ಹಿಡಿದು ನಿಂತ ಹುಡುಗಿ ಇವರನ್ನೇ ನೋಡುತ್ತಿದ್ದಳಂತೆ. ನಮ್ಮ ಮಗಳು ಪಕ್ಕದ ಸೀಟಿನಲ್ಲಿದ್ದಳು. ಬಡಿಸಿದ್ದನ್ನು ಇವರು ಮುಟ್ಟಲಿಲ್ಲ. ತಟ್ಟೆಯ ಮುಂದೆ ಕೂತು ಕೈಯನ್ನೇ ನೋಡಿಕೊಂಡರು.

ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಇವರು ಬಾಯಿಬಿಟ್ಟರು.

"ಅಪ್ಪ, ನಾಳೆ ಗಾಡೀನ ನಟ್ಟು ಹತ್ರ ಬಿಡ್ತೀನಿ."

ಮಾವ ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. "ಯಾಕೆ?"

"ಹೀಟರ್ ತೂತಾಗಿದೆ. ಕೂಲೆಂಟ್ ಒಳಗೆ ಸೋರ್ತಿದೆ."

"ಯಾರು ಹೇಳಿದ್ದು? ಅವನಾ?" ಮಾವ ತಲೆ ಎತ್ತಿದರು. "ಸ್ಪ್ಯಾನರ್ ಹಿಡಿಯೋದು ನಾನು ಕಲಿಸಿದ್ದು ಅವನಿಗೆ. ನನ್ನ ಮೂಗಿಗಿಂತ ಅವನ ಮೂಗು ಉದ್ದ ಆಯ್ತೇನೋ ಈಗ?"

"ಹಾಗಲ್ಲ ಅಪ್ಪ."

"ಮತ್ತೆ ಹೇಗೆ? ಹೇಳು."

ಇವರು ನನ್ನ ಕಡೆ ನೋಡಿದರು. ನಾನು ನೀರಿನ ಜಗ್ಗು ತುಂಬಿಸುವ ನೆಪದಲ್ಲಿ ಎದ್ದೆ. ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಮಗಳ ಧ್ವನಿ ಬರುತ್ತದೇನೋ ಅಂತ ನಲ್ಲಿ ತಿರುಗಿಸದೆ ಕಾದೆ. ಬರಲಿಲ್ಲ. ಮಾತು ಕೊಟ್ಟಿದ್ದಳು.

ಮಾವನೇ ಮುಗಿಸಿದರು. ಬೆಳಿಗ್ಗೆ ಎಂಜಿನ್ ಶುರು ಮಾಡಿ ಬಿಸಿ ಮಾಡು, ನಾನೇ ಒಳಗೆ ಕೂತು ನೋಡುತ್ತೇನೆ. ಕೂಲೆಂಟ್ ಅಂತ ನನಗನ್ನಿಸಿದರೆ ನಾನೇ ನಟ್ಟುವಿಗೆ ಫೋನು ಮಾಡುತ್ತೇನೆ. ಇಲ್ಲದಿದ್ದರೆ ಈ ಮಾತು ಇವತ್ತಿಗೆ ಸಾಕು ಅಂದರು.

ಬೆಳಿಗ್ಗೆ ಚಳಿ ಕೊರೆಯುತ್ತಿತ್ತು. ಮಗಳು ಶೂ ಹಾಕಿಕೊಂಡು, ಚೀಲ ಬೆನ್ನಿಗೇರಿಸಿ, ಎಂದಿನಂತೆ ತನ್ನ ಮೂಲೆಯ ಸೀಟಿಗೆ ಹತ್ತಿದಳು. ಮಾವನನ್ನು ಇವರು ರಟ್ಟೆ ಹಿಡಿದು ಹತ್ತಿಸಿ ನಡುವೆ ಕೂರಿಸಿದರು. ಊಟದ ಡಬ್ಬಿ ಹಿಡಿದು ನಾನು ಮಗಳ ಕಡೆಯ ಬಾಗಿಲಲ್ಲಿ ನಿಂತೆ. ಎಂಜಿನ್ನು ಬಿಸಿಯಾಗಲು ಹತ್ತು ನಿಮಿಷ ಹಿಡಿಯಿತು. ಹೀಟರ್ ಹಾಕಿದರು. ಗಾಜಿನ ಕೆಳಗಿನಿಂದ ಬಿಳಿ ಆವಿ ಮೆಲ್ಲಗೆ ಮೇಲೇರಿತು. ಹೊರಗೆ ನಿಂತ ನನಗೇ ಆ ಸಿಹಿ ವಾಸನೆ ಗಂಟಲಿಗೆ ಹಿಡಿಯಿತು. ಮಗಳು ಕರ್ಚೀಫು ತೆಗೆದು ಮೂಗಿಗೆ ಒತ್ತಿಕೊಂಡಳು. ಇವರು ತಮ್ಮ ಕಡೆಯ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು.

ಮಾವ ಬಗ್ಗಿ, ಮಗಳ ಶೂಗಳ ನಡುವೆ ಕೈ ಹಾಕಿ, ಚಾಪೆಯನ್ನು ಒತ್ತಿ ಬೆರಳು ನೆನೆಸಿಕೊಂಡರು. ಮೂಗಿನ ಹತ್ತಿರ ತಂದರು. ಕಣ್ಣು ಮುಚ್ಚಿದರು. ಉದ್ದ ಉಸಿರೆಳೆದುಕೊಂಡರು. ಬಿಟ್ಟರು. ಇನ್ನೊಮ್ಮೆ ಎಳೆದುಕೊಂಡರು, ಈ ಸಲ ಬಾಯಿ ಅರ್ಧ ತೆರೆದು, ಗಾಳಿಯನ್ನೇ ಕುಡಿಯುವವರ ಹಾಗೆ. ಹಣೆಯ ಮೇಲೆ ನರ ಎದ್ದಿತು.

ನಾನು ಹೇಳಬಹುದಿತ್ತು. ಇವರು ಹೇಳಬಹುದಿತ್ತು. ಎಂಜಿನ್ನು ಒಂದೇ ಸಮ ಗುರುಗುಟ್ಟುತ್ತಿತ್ತು.

"ಬರೀ ನೀರು," ಅಂದರು ಮಾವ.

ಮಗಳು ಕರ್ಚೀಫು ಇಳಿಸಿದಳು. ಮೊದಲು ನನ್ನ ಕಡೆ ನೋಡಿದಳು. ಕೊಟ್ಟ ಮಾತನ್ನು ವಾಪಸು ಕೇಳುವ ಹಾಗೆ ನೋಡಿದಳು. ನನ್ನ ಎರಡು ಕೈಯಲ್ಲೂ ಡಬ್ಬಿ ಇತ್ತು, ತಲೆಯಾಡಿಸಿದೆನೋ ಇಲ್ಲವೋ ನನಗೇ ಗೊತ್ತಾಗಲಿಲ್ಲ. ಅವಳು ತಾತನ ಒದ್ದೆ ಬೆರಳನ್ನು ತನ್ನ ಕರ್ಚೀಫಿನಿಂದ ಒರೆಸಿ, ಆ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ತಾತ, ನಿನಗೆ ವಾಸನೇನೇ ಬರಲ್ವಾ?"